ವಿತರಕರನ್ನು ಹುಡುಕುವ ಮೊದಲು ಎರಡನೆಯ ಆರ್ಡರ್

ಮುರುಗಲು (ಕೋಕಂ) ಹಣ್ಣಿನಿಂದ ಸಿರಪ್ ಮಾಡುವುದನ್ನು ಕಲಿಯಬೇಕೆಂದರೆ ಉತ್ತರ ಕನ್ನಡದ ಶಿರಸಿಯ ಸುತ್ತಮುತ್ತ ಹೇಳಿಕೊಡುವವರಿಗೆ ಕೊರತೆಯಿಲ್ಲ. ಮನೆಯ ಹಿರಿಯರಿಗೆ ಆ ವಿದ್ಯೆ ಗೊತ್ತಿದೆ, ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಬಹುದು, ಅರಣ್ಯ ಮಹಾವಿದ್ಯಾಲಯದಲ್ಲಿ ಮುರುಗಲು, ಉಪ್ಪಾಗೆಗಳ ಬಗ್ಗೆ ತಿಳಿದವರಿದ್ದಾರೆ. ಆದರೆ ಮಾಡಿ ಬಾಟಲಿಗೆ ತುಂಬಿದ್ದನ್ನು ಯಾರ ಮೂಲಕ, ಯಾವ ದರದಲ್ಲಿ, ಯಾವ ಕರಾರಿನ ಮೇಲೆ ಮಾರಬೇಕು ಎಂಬುದನ್ನು ಒಂದೆಡೆ ಕುಳಿತು ಹೇಳಿಕೊಡುವವರು ಕಡಿಮೆ. ಶಿರಸಿಯ ಹತ್ತಿರ ಸಣ್ಣ ಘಟಕವೊಂದನ್ನು ಕೆಲವು ಹಂಗಾಮುಗಳಿಂದ ನಡೆಸುತ್ತಿರುವ ನನಗೆ ಸಿದ್ದಾಪುರ, ಯಲ್ಲಾಪುರ, ಕುಮಟಾ ಕಡೆಯ ಹೊಸ ತಯಾರಕರಿಂದ ಫೋನು ಬರುತ್ತಿರುತ್ತದೆ. ಅವರಲ್ಲಿ ಬಹುತೇಕರ ಮೊದಲ ಪ್ರಶ್ನೆ ಒಂದೇ: ಒಳ್ಳೆಯ ಡಿಸ್ಟ್ರಿಬ್ಯೂಟರ್ ಯಾರಾದರೂ ಗೊತ್ತಿದ್ದಾರೆಯೇ?

ಈ ಪ್ರಶ್ನೆ ತಪ್ಪಲ್ಲ, ಆದರೆ ಬಹಳ ಬೇಗ ಬರುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಿತರಕರು ಮಾಡುವ ಕೆಲಸವೇನೆಂದು ನೋಡಿದರೆ ಕಾರಣ ತಿಳಿಯುತ್ತದೆ. ಅವರು ತಮ್ಮ ಬಂಡವಾಳ ಹಾಕಿ ನಮ್ಮ ಮಾಲನ್ನು ಖರೀದಿಸುತ್ತಾರೆ, ಗೋದಾಮಿನಲ್ಲಿ ಇಡುತ್ತಾರೆ, ಗೊತ್ತಾದ ದಾರಿಯಲ್ಲಿ ಸುತ್ತುವ ತಮ್ಮ ಲೈನ್ ಗಾಡಿಯಲ್ಲಿ ಅಂಗಡಿಯಿಂದ ಅಂಗಡಿಗೆ ತಲುಪಿಸುತ್ತಾರೆ, ಅಂಗಡಿಯವರಿಗೆ ಉದ್ರಿ ಕೊಟ್ಟು ಮುಂದಿನ ವಾರ ವಸೂಲು ಮಾಡುತ್ತಾರೆ. ಇದಿಷ್ಟೂ ದೊಡ್ಡ ಕೆಲಸವೇ. ಆದರೆ ಗ್ರಾಹಕರಿಗೆ ನಮ್ಮ ಮಾಲು ಬೇಕು ಎನ್ನಿಸುವಂತೆ ಮಾಡುವುದು ಅವರ ಕೆಲಸವಲ್ಲ. ಸಾಬೂನು, ಬಿಸ್ಕತ್ತು, ಚಹಪುಡಿ ಎಂದು ನೂರಾರು ಸಾಮಾನು ಹೊತ್ತು ಹೊರಟ ಗಾಡಿಯ ಹುಡುಗನಿಗೆ ಒಂದೊಂದು ಅಂಗಡಿಯಲ್ಲಿ ಸಿಗುವ ಸಮಯ ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಅವನು ಅಂಗಡಿಯವರು ಕೇಳಿದ್ದನ್ನು ಇಳಿಸುತ್ತಾನೆಯೇ ಹೊರತು, ಯಾರೂ ಕೇಳದ ಹೊಸ ಸಿರಪ್ಪಿನ ಗುಣವನ್ನು ವಿವರಿಸುತ್ತ ನಿಲ್ಲುವುದಿಲ್ಲ. ಅವನಿಂದ ಅದನ್ನು ನಿರೀಕ್ಷಿಸುವುದೂ ನ್ಯಾಯವಲ್ಲ.

ಹಾಗಾಗಿ ಮೊದಲ ಅಂಗಡಿಗಳನ್ನು ನಾವೇ ಹಿಡಿಯಬೇಕು, ಮತ್ತು ಅವು ನಮ್ಮ ಕೈಗೆಟಕುವ ದೂರದಲ್ಲಿರಬೇಕು. ಈ ವಿಷಯದಲ್ಲಿ ಶಿರಸಿಯವರಾದ ನಮಗೆ ಒಂದು ಅನುಕೂಲವಿದೆ. ತೋಟಿಗರ ಸಹಕಾರಿ ಮಾರಾಟ ಸಂಘ 1923ರಿಂದ ಇಲ್ಲಿ ಕೆಲಸ ಮಾಡುತ್ತಿದೆ. ಅಡಿಕೆ ಬೆಳೆದವರು ವ್ಯಾಪಾರಿಯ ಮುಂದೆ ಒಬ್ಬೊಬ್ಬರಾಗಿ ನಿಲ್ಲದೆ ಒಟ್ಟಾಗಿ ನಿಂತು ಮಾರುವ ಕ್ರಮವನ್ನು ಅದು ರೂಢಿಸಿತು. ಅದರ ಸೂಪರ್ ಮಾರ್ಕೆಟ್‌ಗೆ ಹಳ್ಳಿಯ ಸದಸ್ಯರು ತಿಂಗಳ ಸಾಮಾನಿಗಾಗಿ ಬರುತ್ತಾರೆ. ಕದಂಬ ಮಾರ್ಕೆಟಿಂಗ್ ಸೌಹಾರ್ದ ಸಹಕಾರಿಯು ಅಡಿಕೆಯಾಚೆಗಿನ ಬೆಳೆಗಳ ಮಾರುಕಟ್ಟೆಯತ್ತಲೂ ಗಮನ ಕೊಟ್ಟಿದೆ. ಹಳ್ಳಿಗಳಲ್ಲಿ ಸೇವಾ ಸಹಕಾರಿ ಸಂಘಗಳ ಮಳಿಗೆಗಳಿವೆ. ಊರಿನ ತಯಾರಕರ ಮಾಲಿಗೆ ಒಂದು ಕಪಾಟು ಕೊಡುವುದು ಸಹಕಾರಿ ಮಳಿಗೆಗಳಿಗೆ ಹೊಸದಲ್ಲ. ಹೊರಗಿನ ಊರಿನ ದೊಡ್ಡ ಮಳಿಗೆಯಲ್ಲಿ ಅದೇ ಕಪಾಟಿಗಾಗಿ ಹಣ ಕೇಳುವ ಪದ್ಧತಿಯೂ ಉಂಟು.

ಅಂಗಡಿಗೆ ಹೋಗುವಾಗ ಕಾಗದಪತ್ರ ಸರಿಯಾಗಿರಬೇಕು. ಲೇಬಲ್ಲಿನ ಮೇಲೆ ಆಹಾರ ಸುರಕ್ಷತಾ ಪ್ರಾಧಿಕಾರದ 14 ಅಂಕಿಗಳ ಸಂಖ್ಯೆ, ಬ್ಯಾಚ್, ತಯಾರಿಕೆಯ ತಿಂಗಳು, ನಿವ್ವಳ ಪ್ರಮಾಣ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಕರ ವಿಳಾಸ, ದೂರು ಹೇಳಲು ಫೋನ್ ಸಂಖ್ಯೆ ಇವೆಲ್ಲ ಇಲ್ಲದಿದ್ದರೆ, ತಪಾಸಣೆಗೆ ಬಂದವರು ಹಿಡಿಯುವುದು ನಮ್ಮನ್ನಲ್ಲ, ಮೊದಲು ಅಂಗಡಿಯವರನ್ನು. ಅದಕ್ಕಾಗಿ ತಿಳಿದ ಅಂಗಡಿಯವರು ರುಚಿ ನೋಡುವ ಮೊದಲು ಬಾಟಲಿಯನ್ನು ತಿರುಗಿಸಿ ಹಿಂಭಾಗ ಓದುತ್ತಾರೆ.

ಮೊದಲ ಆರ್ಡರ್ ಸಿಗುವುದು ಕಷ್ಟವಲ್ಲ. ಪರಿಚಯದಿಂದ, ಊರಿನವರೆಂಬ ಪ್ರೀತಿಯಿಂದ, ಕೆಲವೊಮ್ಮೆ ದಾಕ್ಷಿಣ್ಯದಿಂದ ಅಂಗಡಿಯವರು ಒಂದು ಪೆಟ್ಟಿಗೆ ಇಟ್ಟುಕೊಳ್ಳುತ್ತಾರೆ. ಅದನ್ನು ಮಾರಾಟವೆಂದು ಎಣಿಸಬಾರದು. ಅದು ಕಾರ್ಖಾನೆಯಿಂದ ಅಂಗಡಿಗೆ ಜಾಗ ಬದಲಿಸಿದ ಮಾಲು ಮಾತ್ರ. ನಾವು ಹೋಗಿ ಕೇಳದೆಯೇ ಅಂಗಡಿಯವರು ಫೋನು ಮಾಡಿ ಇನ್ನೊಂದು ಪೆಟ್ಟಿಗೆ ಕಳಿಸಿ ಎಂದ ದಿನ ಮಾರಾಟ ಆರಂಭವಾಯಿತು ಎನ್ನಬಹುದು. ಶಿರಸಿಯ ಕಿರಾಣಿ ವ್ಯಾಪಾರಿಯೊಬ್ಬರು ನನಗೆ ಹೇಳಿದ ಮಾತು ಇಷ್ಟೇ: “ಅಕ್ಕಾ, ಮಾಲು ಚೊಲೋ ಇದ್ದು. ಆದ್ರೆ ಕೇಳ್ಕ್ಯಂಡು ಬಪ್ಪವು ಬೇಕಲಿ.” ಕೇಳಿಕೊಂಡು ಬರುವವರನ್ನು ಹುಟ್ಟಿಸುವುದು ತಯಾರಕರ ಹೊಣೆ. ಬೇಸಿಗೆಯಲ್ಲಿ ಅಂಗಡಿಯ ಮುಂದೆ ನಿಂತು, ತಣ್ಣೀರಿಗೆ ಸಿರಪ್ ಬೆರೆಸಿ, ಚಿಟಿಕೆ ಜೀರಿಗೆಪುಡಿ ಹಾಕಿ ಒಂದೊಂದು ಸಣ್ಣ ಲೋಟ ಕೊಟ್ಟರೆ ಆಗುವಷ್ಟು ಪ್ರಚಾರ ಬೇರೆ ಯಾವುದರಿಂದಲೂ ಆಗುವುದನ್ನು ನಾನು ಕಂಡಿಲ್ಲ.

ಈ ಹಂತದಲ್ಲಿ ಒಂದು ಪುಸ್ತಕ ಇಡಲೇಬೇಕು. ಯಾವ ಅಂಗಡಿಗೆ ಯಾವ ದಿನ ಎಷ್ಟು ಕೊಟ್ಟೆವು, ಎಷ್ಟು ದಿನಕ್ಕೆ ಖಾಲಿಯಾಯಿತು, ಬಾಟಲಿ ಯಾವ ಎತ್ತರದ ಕಪಾಟಿನಲ್ಲಿತ್ತು, ಕೊಂಡವರು ಊರಿನವರೇ ಅಥವಾ ಪ್ರವಾಸಿಗರೇ, ದುಡ್ಡು ಯಾವಾಗ ಬಂತು, ಎಷ್ಟು ವಾಪಸ್ ಬಂತು ಎಂಬ ವಿವರಗಳು ಅದರಲ್ಲಿರಬೇಕು. ಮುಂದೆ ವಿತರಕರ ಎದುರು ಕುಳಿತಾಗ ನಮ್ಮ ಬಳಿ ಇರುವ ಬಲವಾದ ಸಾಧನ ಈ ಪುಸ್ತಕವೇ. ನಮ್ಮ ಮಾಲು ಬಹಳ ಒಳ್ಳೆಯದು ಎಂದು ಹೇಳುವವರನ್ನು ಅವರು ದಿನವೂ ನೋಡುತ್ತಾರೆ. ಇಂಥ ಅಂಗಡಿಯಲ್ಲಿ ಒಂದು ಪೆಟ್ಟಿಗೆ ಇಷ್ಟು ವಾರದಲ್ಲಿ ಖಾಲಿಯಾಗುತ್ತದೆ, ಬೇಕಾದರೆ ಈಗಲೇ ಅಂಗಡಿಗೆ ಫೋನು ಮಾಡಿ ಕೇಳಿ ಎನ್ನುವವರು ಅಪರೂಪ.

ಎಲ್ಲ ಮಾಲಿಗೂ ಒಂದೇ ದಾರಿ ಹೊಂದುವುದಿಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ನಮ್ಮ ಕಡೆಯ ಸಿಹಿ ತಿಂಡಿ ತೊಡದೇವು ಕಾಗದಕ್ಕಿಂತ ತೆಳುವಾಗಿರುವುದರಿಂದ, ನಾಲ್ಕು ಕಡೆ ಇಳಿಸಿ ಏರಿಸುವ ವಿತರಣಾ ಸರಪಳಿಯಲ್ಲಿ ಪುಡಿಯಾಗದೆ ಉಳಿಯುವುದು ಕಷ್ಟ. ಅದನ್ನು ಮನೆಯಿಂದ, ಮೇಳಗಳಲ್ಲಿ, ಮುಂಗಡ ಆರ್ಡರ್ ಮೇಲೆ ನೇರವಾಗಿ ಮಾರುವುದೇ ಸರಿ. ಹಲಸಿನ ಹಪ್ಪಳ ಹಗುರ, ತೂಕಕ್ಕೆ ಹೋಲಿಸಿದರೆ ಬೆಲೆ ಚೆನ್ನಾಗಿದೆ, ಕೊರಿಯರ್ ಖರ್ಚನ್ನು ತಡೆದುಕೊಳ್ಳುತ್ತದೆ. ದ್ರವರೂಪದ ಜೋನಿಬೆಲ್ಲ ಭಾರ, ಮುಚ್ಚಳ ಸಡಿಲವಾದರೆ ಸೋರುತ್ತದೆ, ನೀರಿನಂಶ ಹೆಚ್ಚಿದ್ದರೆ ಹುಳಿ ಬರುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿಗೆ ಹೆಸರು ಮೊದಲೇ ಇದೆ, ಗ್ರಾಹಕರಿಗೆ ಅದೇನೆಂದು ವಿವರಿಸಬೇಕಾಗಿಲ್ಲ, ಆದರೆ ಮಿಡಿ ಸಿಗುವ ಪ್ರಮಾಣ ವರ್ಷದಿಂದ ವರ್ಷಕ್ಕೆ ಏರಿಳಿಯುವುದರಿಂದ ವಿತರಕರಿಗೆ ಇಷ್ಟು ಕೊಡುತ್ತೇನೆಂದು ಮಾತು ಕೊಡುವುದು ಅಪಾಯ. ಮಾಲಿನ ಭಾರ, ಬಾಳಿಕೆ, ಒಡೆಯುವ ಸ್ವಭಾವ, ಕಚ್ಚಾ ವಸ್ತುವಿನ ಲಭ್ಯತೆ ಇವು ನಾಲ್ಕನ್ನೂ ಕಾಗದದಲ್ಲಿ ಬರೆದ ಮೇಲೆಯೇ ದಾರಿಯ ಬಗ್ಗೆ ಯೋಚಿಸಬೇಕು.

ಮುರುಗಲು ಸಿರಪ್ಪಿಗೆ ಇನ್ನೊಂದು ವಿಶೇಷ ತೊಡಕಿದೆ, ಅದರ ಬಗ್ಗೆ ಹೊಸಬರು ಮೊದಲೇ ತಿಳಿದಿರಬೇಕು. ಹಣ್ಣಾಗುವುದು ಏಪ್ರಿಲ್, ಮೇ ತಿಂಗಳಲ್ಲಿ. ಮಳೆ ಹಿಡಿದರೆ ಹಣ್ಣಿನ ಕೊಯ್ಲು ಮುಗಿದಂತೆಯೇ. ಆದರೆ ತಂಪು ಪಾನೀಯದ ಬೇಡಿಕೆ ಏರುವುದು ಫೆಬ್ರವರಿ ಕೊನೆಯಿಂದ. ಅಂದರೆ ನಾವು ಮಾಲು ತಯಾರಿಸಿ ಮುಗಿಸುವ ಹೊತ್ತಿಗೆ ಬೇಸಿಗೆಯೂ ಮುಗಿಯುತ್ತದೆ, ಮುಂದಿನ ಬೇಸಿಗೆಯವರೆಗೆ ಹಣ ಬಾಟಲಿಯಲ್ಲಿ ಕುಳಿತಿರುತ್ತದೆ. ಒಂದು ವರ್ಷದ ಬಾಳಿಕೆಯಿರುವ ಸಿರಪ್ಪನ್ನು ಮೇ ತಿಂಗಳಲ್ಲಿ ತುಂಬಿಸಿಟ್ಟರೆ ಫೆಬ್ರವರಿಯಲ್ಲಿ ಉಳಿಯುವುದು ಕೇವಲ ಮೂರು ತಿಂಗಳು. ಆ ದಿನಾಂಕ ನೋಡಿದ ಯಾವ ವಿತರಕರೂ ಮಾಲು ಎತ್ತುವುದಿಲ್ಲ. ಆನ್‌ಲೈನ್ ಮಾರಾಟಕ್ಕೆ ಸಂಬಂಧಿಸಿದಂತೆ ಆಹಾರ ಸುರಕ್ಷತಾ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ಇ-ವಾಣಿಜ್ಯ ಸಂಸ್ಥೆಗಳಿಗೆ ಸೂಚನೆ ಕೊಟ್ಟು, ಗ್ರಾಹಕರ ಕೈಸೇರುವಾಗ ಬಾಳಿಕೆಯ ಶೇ 30ರಷ್ಟಾದರೂ ಅಥವಾ ಅವಧಿ ಮುಗಿಯಲು 45 ದಿನಗಳಾದರೂ ಉಳಿದಿರಬೇಕು ಎಂದಿದೆ. ಇದಕ್ಕೆ ನಾವು ಕಂಡುಕೊಂಡ ಪರಿಹಾರವೆಂದರೆ ಹಂಗಾಮಿನಲ್ಲಿ ಎಲ್ಲವನ್ನೂ ಸಿರಪ್ ಮಾಡದೆ, ಹೆಚ್ಚಿನ ಪಾಲು ಸಿಪ್ಪೆಯನ್ನು ಒಣಗಿಸಿ ತೇವ ತಾಗದಂತೆ ಇಟ್ಟುಕೊಂಡು, ಜನವರಿಯಿಂದ ಬೇಡಿಕೆಗೆ ತಕ್ಕಂತೆ ಬ್ಯಾಚು ಬ್ಯಾಚಾಗಿ ತಯಾರಿಸುವುದು. ತಾಜಾ ಹಣ್ಣಿನ ಸಿರಪ್ಪಿನ ಬಣ್ಣ ಸ್ವಲ್ಪ ಹೆಚ್ಚು ಹೊಳೆಯುತ್ತದೆ ನಿಜ, ಆದರೆ ಹೊಸ ದಿನಾಂಕದ ಮಾಲು ಅಂಗಡಿಯವರಿಗೆ ಕೊಡುವ ಧೈರ್ಯ ಅದಕ್ಕಿಂತ ದೊಡ್ಡದು. ಒಣ ಸಿಪ್ಪೆಗೆ ಅದರದೇ ಮಾರುಕಟ್ಟೆಯೂ ಇರುವುದರಿಂದ ಸಿರಪ್ ಹೋಗದಿದ್ದರೂ ಕಚ್ಚಾ ವಸ್ತು ವ್ಯರ್ಥವಾಗುವುದಿಲ್ಲ.

ಇನ್ನು ದರ. ಬಹಳ ಮಂದಿ ತಯಾರಿಕೆಯ ಖರ್ಚು ಕೂಡಿಸಿ, ಅದರ ಮೇಲೆ ಒಂದಿಷ್ಟು ಲಾಭ ಇಟ್ಟು, ಬಂದ ಮೊತ್ತವನ್ನೇ ಬಾಟಲಿಯ ಮೇಲೆ ಮುದ್ರಿಸುತ್ತಾರೆ. ಮನೆಯಿಂದಲೇ ಮಾರುವಷ್ಟು ದಿನ ಅದು ನಡೆಯುತ್ತದೆ. ವಿತರಕರು ನಡುವೆ ಬಂದೊಡನೆ ಅವರಿಗೂ ಅಂಗಡಿಗೂ ಕೊಡಲು ಆ ದರದಲ್ಲಿ ಏನೂ ಉಳಿದಿರುವುದಿಲ್ಲ. ಲೆಕ್ಕವನ್ನು ಎಂಆರ್‌ಪಿಯಿಂದ ಹಿಂದಕ್ಕೆ ಮಾಡಬೇಕು. ಉದಾಹರಣೆಗೆ ಒಂದು ಬಾಟಲಿಯ ಎಂಆರ್‌ಪಿ ₹200 ಎಂದಿಟ್ಟುಕೊಳ್ಳೋಣ. ಅಂಗಡಿಯವರಿಗೆ ಎಂಆರ್‌ಪಿಯ ಮೇಲೆ ಶೇ 20 ಬಿಟ್ಟರೆ ₹40 ಹೋಗಿ ₹160 ಉಳಿಯುತ್ತದೆ. ವಿತರಕರಿಗೆ ಆ ₹160ರ ಮೇಲೆ ಶೇ 8 ಎಂದರೆ ಸುಮಾರು ₹13. ಉಳಿದ ₹147ರಲ್ಲಿ ಜಿಎಸ್‌ಟಿ ಶೇ 5 ಸೇರಿದೆ ಎಂದು ಹಿಡಿದರೆ ನಮ್ಮ ಬಿಲ್ಲಿನ ಮೂಲ ದರ ₹140. ಹೊಸ ಮಾಲಾದ್ದರಿಂದ ಹತ್ತಕ್ಕೆ ಒಂದು ಉಚಿತ ಎಂಬ ಸ್ಕೀಮ್ ಕೇಳುತ್ತಾರೆ. ಅದನ್ನು ಕೊಟ್ಟರೆ ಒಂದು ಬಾಟಲಿಗೆ ನಿಜವಾಗಿ ಬರುವುದು ₹127. ಸಾಗಣೆ, ಒಡೆದ ಬಾಟಲಿ, ಅವಧಿ ಮೀರಿ ವಾಪಸ್ ಬಂದದ್ದು, ರುಚಿ ತೋರಿಸಲು ತೆರೆದದ್ದು ಎಲ್ಲ ಕಳೆದು ಕೈಗೆ ಸಿಗುವ ಮೊತ್ತದಲ್ಲಿ ಹಣ್ಣು, ಸಕ್ಕರೆ, ಬಾಟಲಿ, ಮುಚ್ಚಳ, ಲೇಬಲ್, ಕೂಲಿ, ವಿದ್ಯುತ್, ಸಾಲದ ಬಡ್ಡಿ ಇವೆಲ್ಲ ಮುಗಿದು ಲಾಭವೂ ಉಳಿಯಬೇಕು. ಮುದ್ರಿಸಿದ ಬೆಲೆಯ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ ಬಾಟಲಿ ತಯಾರಾಗದಿದ್ದರೆ ವಿತರಕರ ದಾರಿ ಆ ಮಾಲಿಗೆ ಸದ್ಯಕ್ಕೆ ಹೊಂದುವುದಿಲ್ಲ ಎಂದೇ ನಾನು ಹೇಳುತ್ತೇನೆ.

ಮಾರ್ಜಿನ್, ಅಂದರೆ ಅಂಗಡಿಯವರಿಗೆ ಮತ್ತು ವಿತರಕರಿಗೆ ಬಿಡುವ ಪಾಲಿನ ಬಗ್ಗೆ ಮಾತನಾಡುವಾಗ ಯಾವುದರ ಮೇಲೆ ಶೇಕಡಾ ಎಂಬುದನ್ನು ಆ ಕ್ಷಣವೇ ಸ್ಪಷ್ಟಪಡಿಸಿಕೊಳ್ಳಬೇಕು. ಮೇಲಿನ ಲೆಕ್ಕದಲ್ಲಿ ಅಂಗಡಿಯವರಿಗೆ ಸಿಕ್ಕ ₹40 ಎಂಆರ್‌ಪಿಯ ಮೇಲೆ ಶೇ 20, ಖರೀದಿ ದರದ ಮೇಲೆ ಶೇ 25. ಒಬ್ಬರು ಒಂದನ್ನು, ಇನ್ನೊಬ್ಬರು ಮತ್ತೊಂದನ್ನು ಮನಸ್ಸಿನಲ್ಲಿಟ್ಟು ಕೈಕುಲುಕಿದರೆ ಮೊದಲ ಬಿಲ್ಲಿನಲ್ಲೇ ಮನಸ್ತಾಪ. ಹಾಗೆಯೇ ನಾವು ಮನೆಯಿಂದ ನೇರವಾಗಿ ಮಾರುವಾಗಲೂ ಅಂಗಡಿಯ ದರಕ್ಕಿಂತ ಬಹಳ ಕಡಿಮೆಗೆ ಕೊಡಬಾರದು. ಪಕ್ಕದ ಅಂಗಡಿಯಲ್ಲಿ ₹200ಕ್ಕೆ ಇಟ್ಟದ್ದು ತಯಾರಕರ ಮನೆಯಲ್ಲಿ ₹150ಕ್ಕೆ ಸಿಗುತ್ತದೆಂದು ತಿಳಿದರೆ ಅಂಗಡಿಯವರು ಮತ್ತೆ ಮಾಲು ತರಿಸುವುದಿಲ್ಲ, ಮತ್ತು ಅವರ ಕೋಪ ಸಕಾರಣವಾದದ್ದು.

ಉತ್ತರ ಕನ್ನಡದ ಭೂಗೋಳವೇ ವ್ಯಾಪಾರದ ನಕ್ಷೆಯನ್ನು ಬಹುಮಟ್ಟಿಗೆ ಬರೆದಿಟ್ಟಿದೆ. ಹನ್ನೆರಡು ತಾಲ್ಲೂಕುಗಳ ಜಿಲ್ಲೆಗೆ ಒಬ್ಬ ವಿತರಕರು ಸಾಕು ಎಂದು ಹೊರಗಿನವರು ಭಾವಿಸುತ್ತಾರೆ. ನಾನು ಕಂಡಂತೆ ಘಟ್ಟದ ಮೇಲಿನ ಶಿರಸಿ, ಸಿದ್ದಾಪುರ, ಯಲ್ಲಾಪುರ, ಮುಂಡಗೋಡಕ್ಕೆ ಬರುವ ಮಾಲಿನ ಮುಖ ಹೆಚ್ಚಾಗಿ ಹುಬ್ಬಳ್ಳಿಯ ಕಡೆಗಿದೆ. ಕೆಳಗಿನ ಭಟ್ಕಳ, ಹೊನ್ನಾವರದವರು ಮಂಗಳೂರು, ಉಡುಪಿಯತ್ತ ನೋಡುತ್ತಾರೆ. ಕಾರವಾರಕ್ಕೆ ಗೋವಾ ಹತ್ತಿರ. ಶಿರಸಿ, ಕುಮಟಾ ನಡುವಿನ ದೇವಿಮನೆ ಘಟ್ಟವನ್ನು ದಾಟಿ ದಿನನಿತ್ಯ ಲೈನ್ ಓಡಿಸುವವರು ಕಡಿಮೆ, ಮಳೆಗಾಲದಲ್ಲಂತೂ ಘಟ್ಟದ ರಸ್ತೆಗಳನ್ನು ನಂಬಿ ಮಾತು ಕೊಡುವುದು ಕಷ್ಟ. ಆದ್ದರಿಂದ ಮೇಲಿನ ತಾಲ್ಲೂಕುಗಳಿಗೆ ಒಬ್ಬರು, ಕರಾವಳಿಯ ಐದು ತಾಲ್ಲೂಕುಗಳಿಗೆ ಇನ್ನೊಬ್ಬರು ಎಂದು ಮೊದಲಿನಿಂದಲೇ ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಮಳೆ ಆರಂಭವಾಗುವ ಮೊದಲೇ ಕರಾವಳಿಗೆ ಒಂದು ಸುತ್ತಿನ ಮಾಲು ಇಳಿಸಿಟ್ಟರೆ ಇನ್ನೂ ಉತ್ತಮ.

ಕಾರವಾರದವರಿಗೆ ಗೋವಾ ಸಹಜ ಮಾರುಕಟ್ಟೆ. ಕೋಕಂ ಅಲ್ಲಿಯ ಅಡುಗೆಮನೆಗೆ ಹೊಸದಲ್ಲ, ಕಾಣಕೋಣ, ಮಡಗಾಂವ್ ದೂರವೂ ಅಲ್ಲ. ಆದರೆ ಮಾಜಾಳಿಯ ಗಡಿ ದಾಟಿದರೆ ತೆರಿಗೆಯ ನಿಯಮ ಬದಲಾಗುತ್ತದೆ. ಕರ್ನಾಟಕದೊಳಗೆ ಸರಕು ಮಾರುವವರಿಗೆ ವಾರ್ಷಿಕ ವಹಿವಾಟು ₹40 ಲಕ್ಷ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಬೇರೆ ರಾಜ್ಯಕ್ಕೆ ಇಂಥ ಮಾಲು ಮಾರುವುದಾದರೆ ಮೊದಲ ಬಿಲ್ಲಿನಿಂದಲೇ ನೋಂದಣಿ ಬೇಕು, ಮತ್ತು ರಾಜಿ ತೆರಿಗೆ ಪದ್ಧತಿಯಲ್ಲಿ (ಕಾಂಪೊಸಿಷನ್, ಅಂದರೆ ಸಣ್ಣ ವ್ಯಾಪಾರಿಗಳು ವಹಿವಾಟಿನ ಮೇಲೆ ಒಂದು ನಿಗದಿತ ದರದಲ್ಲಿ ತೆರಿಗೆ ಕಟ್ಟುವ ಕ್ರಮ) ಇರುವವರು ಹೊರರಾಜ್ಯಕ್ಕೆ ಮಾರುವಂತಿಲ್ಲ. ನೋಂದಣಿ ಮಾಡಿಸಿದರೆ ತಿಂಗಳ ಅಥವಾ ತ್ರೈಮಾಸಿಕ ರಿಟರ್ನ್, ಲೆಕ್ಕಪರಿಶೋಧಕರ ಶುಲ್ಕ ಎಲ್ಲ ಜೊತೆಗೆ ಬರುತ್ತವೆ. ಒಂದೆರಡು ಅಂಗಡಿಗಾಗಿ ಇದನ್ನು ಹೊರುವುದಕ್ಕಿಂತ, ಗೋವಾದಲ್ಲಿ ನಿಜವಾಗಿ ಎಷ್ಟು ಹೋಗಬಹುದೆಂದು ಅಂದಾಜು ಮಾಡಿಕೊಂಡು ನಿರ್ಧರಿಸಬೇಕು.

ಗೋಕರ್ಣ, ಮುರುಡೇಶ್ವರ, ಯಾಣದ ದಾರಿಯ ಅಂಗಡಿಗಳು ಮತ್ತು ಹೋಂಸ್ಟೇಗಳು ನೋಡಲು ಆಕರ್ಷಕ. ಅಲ್ಲಿಯ ಗ್ರಾಹಕರು ದೊಡ್ಡ ಗಾಜಿನ ಬಾಟಲಿಯನ್ನು ಬಸ್ಸಿನಲ್ಲಿ, ರೈಲಿನಲ್ಲಿ ಹೊತ್ತೊಯ್ಯಲು ಹಿಂಜರಿಯುತ್ತಾರೆ. ಸಣ್ಣ ಪ್ಲಾಸ್ಟಿಕ್ ಬಾಟಲಿಯೇ ಬೇಕು. ಅವರು ಮತ್ತೆ ಅದೇ ಅಂಗಡಿಗೆ ಬರುವುದಿಲ್ಲವಾದ್ದರಿಂದ ಲೇಬಲ್ಲಿನ ಮೇಲೆ ಮನೆಗೆ ತರಿಸಿಕೊಳ್ಳಲು ಬೇಕಾದ ಫೋನ್ ಸಂಖ್ಯೆ ದೊಡ್ಡದಾಗಿ ಇರಬೇಕು. 2022ರ ಕೇಂದ್ರ ಬಜೆಟ್‌ನಲ್ಲಿ ಘೋಷಣೆಯಾದ ಒಂದು ನಿಲ್ದಾಣ, ಒಂದು ಉತ್ಪನ್ನ ಯೋಜನೆಯಡಿ ರೈಲು ನಿಲ್ದಾಣಗಳಲ್ಲಿ ಸ್ಥಳೀಯ ಮಾಲಿಗೆ ಮಳಿಗೆ ಕೊಡುತ್ತಾರೆ. ಕರಾವಳಿಯ ತಯಾರಕರು ಹತ್ತಿರದ ನಿಲ್ದಾಣದಲ್ಲಿ ವಿಚಾರಿಸುವುದು ಯೋಗ್ಯ.

ಇವೆಲ್ಲಕ್ಕಿಂತ ಹೆಚ್ಚು ಭರವಸೆಯ ದಾರಿಯೊಂದು ನಮ್ಮ ಕಣ್ಣೆದುರೇ ಇದ್ದು, ಅದರ ಬಗ್ಗೆ ಯಾರೂ ಹೆಚ್ಚು ಮಾತನಾಡುವುದಿಲ್ಲ. ಮದುವೆ, ಉಪನಯನಗಳ ಅಡುಗೆ ಗುತ್ತಿಗೆ ಹಿಡಿಯುವ ಅಡುಗೆಯವರು ಬಂದವರಿಗೆ ಮೊದಲು ಕೊಡುವ ಪಾನಕಕ್ಕೆ ಸಿರಪ್ ಬಳಸುತ್ತಾರೆ. ಏಪ್ರಿಲ್, ಮೇ ತಿಂಗಳ ಮುಹೂರ್ತಗಳಲ್ಲಿ ಒಂದು ಮನೆಯ ಕಾರ್ಯಕ್ಕೆ ಹೋಗುವಷ್ಟು ಸಿರಪ್ ಸಣ್ಣ ಕಿರಾಣಿ ಅಂಗಡಿಯಲ್ಲಿ ತಿಂಗಳಿಗೂ ಹೋಗುವುದಿಲ್ಲ. ಅವರಿಗೆ ಚಂದದ ಬಾಟಲಿ ಬೇಡ, ಐದು ಲೀಟರಿನ ಕ್ಯಾನು ಸಾಕು. ಲೇಬಲ್ಲಿನ ನಿಯಮಗಳು ಕ್ಯಾನಿಗೂ ಅನ್ವಯಿಸುತ್ತವೆ ಎಂಬುದನ್ನು ಮರೆಯಬಾರದಷ್ಟೆ. ಮಧ್ಯವರ್ತಿಗಳಿಲ್ಲ, ದುಡ್ಡು ಕಾರ್ಯ ಮುಗಿದ ವಾರದೊಳಗೆ ಬರುತ್ತದೆ. ಮತ್ತೊಂದು ಲಾಭವೆಂದರೆ ಅಂಥ ಮದುವೆಗಳಿಗೆ ಬೆಂಗಳೂರಿನಿಂದ, ಹುಬ್ಬಳ್ಳಿಯಿಂದ ಬಂದ ನೆಂಟರು ಕುಡಿದು ಕೇಳಿ, ಹೋಗುವಾಗ ಬಾಟಲಿ ಕೊಂಡೊಯ್ಯುತ್ತಾರೆ. ಬೆಂಗಳೂರಿನಲ್ಲಿ ನಮ್ಮ ಸಿರಪ್ಪಿಗೆ ಇರುವ ಗ್ರಾಹಕರಲ್ಲಿ ಹೆಚ್ಚಿನವರು ಹೀಗೆ ಬಂದವರೇ.

ಬೆಂಗಳೂರಿನ ಸಾವಯವ ಅಂಗಡಿಗಳು ಹೆಚ್ಚಿನ ಮಾರ್ಜಿನ್ ಕೇಳುತ್ತವೆ, ಆದರೆ ಹೊಸ ಮಾಲನ್ನು ವಿವರಿಸಿ ಮಾರುವ ತಾಳ್ಮೆ ಅವರಿಗಿದೆ. ಸರ್ಕಾರಿ ಬಸ್ಸಿನ ‘ನಮ್ಮ ಕಾರ್ಗೋ’ ಅಥವಾ ಖಾಸಗಿ ಪಾರ್ಸೆಲ್‌ನಲ್ಲಿ ಪೆಟ್ಟಿಗೆ ಕಳಿಸಬಹುದು. ದೊಡ್ಡ ಆನ್‌ಲೈನ್ ಮಳಿಗೆಗಳಲ್ಲಿ ಭಾರದ ಬಾಟಲಿಗೆ ಕಮಿಷನ್, ಸಾಗಣೆ, ವಾಪಸಾತಿ ಎಲ್ಲ ಕಳೆದರೆ ಉಳಿಯುವುದು ಬಹಳ ಕಡಿಮೆ. 2023ರ ಅಕ್ಟೋಬರ್ 1ರಿಂದ ರಾಜ್ಯದೊಳಗೆ ಮಾತ್ರ ಮಾರುವ ಸಣ್ಣವರಿಗೆ ಜಿಎಸ್‌ಟಿ ನೋಂದಣಿಯಿಲ್ಲದೆಯೂ, ದಾಖಲಾತಿ ಸಂಖ್ಯೆಯೊಂದನ್ನು ಪಡೆದು ಅಲ್ಲಿ ಮಾರಲು ಅವಕಾಶವಿದೆ. ಹಪ್ಪಳದಂಥ ಹಗುರ ಮಾಲಿನವರು ಅದನ್ನು ಬಳಸಿಕೊಳ್ಳಬಹುದು. ಲಾಲ್‌ಬಾಗ್ ಫಲಪುಷ್ಪ ಪ್ರದರ್ಶನ, ಧಾರವಾಡದ ಕೃಷಿ ಮೇಳ, ಎರಡು ವರ್ಷಕ್ಕೊಮ್ಮೆ ನಡೆಯುವ ನಮ್ಮ ಮಾರಿಕಾಂಬಾ ಜಾತ್ರೆ ಇವು ಜನರ ಬಾಯಿಂದ ನೇರ ಅಭಿಪ್ರಾಯ ಕೇಳಲು ಅತ್ಯುತ್ತಮ ಜಾಗಗಳು, ಆದರೆ ಅಲ್ಲಿಯ ಮಾರಾಟವನ್ನು ವರ್ಷದ ಮಾರಾಟದ ಅಂದಾಜಿಗೆ ಆಧಾರ ಮಾಡಿಕೊಳ್ಳಬಾರದು.

ಇಷ್ಟೆಲ್ಲ ಆದ ಮೇಲೆ, ಪುಸ್ತಕದಲ್ಲಿ ಮರು ಆರ್ಡರ್‌ಗಳ ದಾಖಲೆ ಸೇರಿ, ನಮ್ಮ ಸ್ವಂತ ಗಾಡಿಯಲ್ಲಿ ತಲುಪಿಸಲಾಗದಷ್ಟು ಅಂಗಡಿಗಳಾದಾಗ ವಿತರಕರ ಹುಡುಕಾಟ ಶುರುವಾಗಬೇಕು. ಹುಡುಕುವ ಸುಲಭ ಮಾರ್ಗವೆಂದರೆ ಅಂಗಡಿಯವರನ್ನೇ ಕೇಳುವುದು. ವಾರವೂ ತಪ್ಪದೆ ಬರುವವರು ಯಾರು, ಒಡೆದ ಮಾಲನ್ನು ತಕರಾರಿಲ್ಲದೆ ಬದಲಿಸುವವರು ಯಾರು, ಮಳೆಗಾಲದಲ್ಲೂ ಲೈನ್ ನಿಲ್ಲಿಸದವರು ಯಾರು ಎಂದು ಕೇಳಿದರೆ ಬೇರೆ ಬೇರೆ ಅಂಗಡಿಗಳಲ್ಲಿ ಅದೇ ಹೆಸರುಗಳು ಮತ್ತೆ ಮತ್ತೆ ಬರುತ್ತವೆ. ಅವರು ಈಗ ಯಾವ ಮಾಲು ಹೊತ್ತಿದ್ದಾರೆ ಎಂಬುದನ್ನು ನೋಡಬೇಕು. ಉಪ್ಪಿನಕಾಯಿ, ಮಸಾಲೆ, ಜೇನು, ಚಹಪುಡಿ ಕೊಡುವವರು ನಾವು ಬಯಸುವ ಅಂಗಡಿಗಳಿಗೇ ಹೋಗುತ್ತಿರುತ್ತಾರೆ. ದೊಡ್ಡ ಕಂಪನಿಯ ತಂಪು ಪಾನೀಯದ ವಿತರಕರು ಮೊದಲ ನೋಟಕ್ಕೆ ಸೂಕ್ತರೆನಿಸಿದರೂ, ಬೇಸಿಗೆಯಲ್ಲಿ ಅವರ ಗಾಡಿಯಲ್ಲಿ ನಮಗೆ ಜಾಗವೇ ಇರುವುದಿಲ್ಲ. ಅತಿ ದೊಡ್ಡ ವಿತರಕರಿಗಿಂತ, ಬೆಳೆಯುತ್ತಿರುವ, ತಾವೇ ಗಾಡಿಯಲ್ಲಿ ಕುಳಿತು ಹೋಗುವ ಮಧ್ಯಮ ಗಾತ್ರದವರು ಹೊಸ ಮಾಲಿಗೆ ಹೆಚ್ಚು ನ್ಯಾಯ ಒದಗಿಸುತ್ತಾರೆ.

ಕರಾರು ಬರವಣಿಗೆಯಲ್ಲಿರಲಿ, ಒಂದು ಪುಟ ಸಾಕು. ಯಾವ ತಾಲ್ಲೂಕುಗಳು ಅವರಿಗೆ, ಎಷ್ಟು ತಿಂಗಳಿಗೆ, ಕನಿಷ್ಠ ಎಷ್ಟು ಎತ್ತಬೇಕು, ಒಡೆದದ್ದು ಯಾರ ಹೊಣೆ, ಅವಧಿ ಮುಗಿಯಲು ಎಷ್ಟು ದಿನ ಇರುವಾಗ ವಾಪಸ್ ಕೊಡಬಹುದು ಎಂಬುದೆಲ್ಲ ಅದರಲ್ಲಿ ಇರಬೇಕು. ನನಗೆ ಒಮ್ಮೆ ಪಕ್ಕದ ಜಿಲ್ಲೆಯ ವಿತರಕರೊಬ್ಬರು ಇಡೀ ಹಂಗಾಮಿನ ಮಾಲನ್ನು ಗೋದಾಮಿನಲ್ಲೇ ಇಟ್ಟುಕೊಂಡು, ಅವಧಿ ಮುಗಿದ ಮೇಲೆ ಪೆಟ್ಟಿಗೆ ಬಿಚ್ಚದೆಯೇ ಹಿಂದಿರುಗಿಸಿ ಹಣ ಕೇಳಿದರು. ಈಗ ಅವಧಿಗೆ ಮೂರು ತಿಂಗಳು ಇರುವಾಗ ತಿಳಿಸಿದರೆ ಮಾತ್ರ ಬದಲಿ ಮಾಲು ಎಂದು ಬರೆಸುತ್ತೇನೆ, ಯಾರೂ ಆಕ್ಷೇಪಿಸಿಲ್ಲ. ಇಡೀ ಜಿಲ್ಲೆಯ ಏಕಸ್ವಾಮ್ಯವನ್ನು ಮೊದಲೇ ಕೊಡಬಾರದು. ಎರಡು ತಾಲ್ಲೂಕು ಕೊಟ್ಟು ಆರು ತಿಂಗಳು ನೋಡಿ ವಿಸ್ತರಿಸಬಹುದು.

ಬಾಕಿ ವಸೂಲಿಯ ವಿಷಯದಲ್ಲಿ ಕಾನೂನು ನಮ್ಮ ಕಡೆಗಿದೆ, ಅದನ್ನು ತಿಳಿದವರು ಕಡಿಮೆ. ಸಣ್ಣ ಉದ್ದಿಮೆಗಳಿಗೆ ಕೇಂದ್ರ ಸರ್ಕಾರ ಕೊಡುವ ಉದ್ಯಮ್ ನೋಂದಣಿಗೆ ಶುಲ್ಕವಿಲ್ಲ. ನೋಂದಾಯಿತ ಸಣ್ಣ ತಯಾರಕರಿಗೆ ಕೊಳ್ಳುವವರು, ಬರವಣಿಗೆಯ ಕರಾರು ಇದ್ದರೂ, 45 ದಿನದೊಳಗೆ ಹಣ ಕೊಡಬೇಕೆಂದು 2006ರ ಎಂಎಸ್‌ಎಂಇ (ಸೂಕ್ಷ್ಮ, ಸಣ್ಣ, ಮಧ್ಯಮ ಉದ್ದಿಮೆ) ಅಭಿವೃದ್ಧಿ ಕಾಯ್ದೆ ಹೇಳುತ್ತದೆ. ಕರಾರಿಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಕೇಳುವ ಹಕ್ಕಿದೆ, ಇದಕ್ಕೆಂದೇ ಇರುವ ಸರ್ಕಾರದ ಜಾಲತಾಣದಲ್ಲಿ ದೂರು ಸಲ್ಲಿಸಬಹುದು. ಸಣ್ಣ ಊರಿನ ವ್ಯಾಪಾರದಲ್ಲಿ ಯಾರೂ ಮೊದಲೇ ದೂರಿಗೆ ಹೋಗುವುದಿಲ್ಲ, ಆದರೆ ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆಯನ್ನೂ 45 ದಿನದ ಮಾತನ್ನೂ ಮುದ್ರಿಸಿದರೆ ಹಣ ಬೇಗ ಬರುವುದನ್ನು ನಾನು ನೋಡಿದ್ದೇನೆ. ಇನ್ನು ಫೋನಿನಲ್ಲಿ ಪರಿಚಯವಾಗಿ, ರಾಜ್ಯದ ತುಂಬ ಸೂಪರ್ ಸ್ಟಾಕಿಸ್ಟ್‌ಗಳನ್ನು (ವಿತರಕರಿಗೆ ಮಾಲು ಕೊಡುವ ದೊಡ್ಡ ಸಗಟುದಾರರನ್ನು) ಕೊಡಿಸುತ್ತೇವೆ, ಮೊದಲು ಇಷ್ಟು ಶುಲ್ಕ ಕಟ್ಟಿ ಎನ್ನುವವರಿದ್ದಾರೆ. ನಿಜವಾದ ವಿತರಕರು ನಮ್ಮಿಂದ ಹಣ ಕೇಳುವುದಿಲ್ಲ, ನಮಗೆ ಹಣ ಕೊಟ್ಟು ಮಾಲು ಎತ್ತುತ್ತಾರೆ.

ಸದ್ಯ ನನ್ನ ಮನಸ್ಸು ಹೆಚ್ಚು ತೊಡಗಿರುವುದು ಇನ್ನೊಂದು ಯೋಚನೆಯಲ್ಲಿ. ಒಬ್ಬರ ಸಿರಪ್ ಮಾತ್ರ ಹೊತ್ತ ಗಾಡಿಯ ಡೀಸೆಲ್ ಖರ್ಚು ಹುಟ್ಟುವುದಿಲ್ಲ. ಸಿರಪ್, ಹಪ್ಪಳ, ಉಪ್ಪಿನಕಾಯಿ, ಜೇನು, ಕಾಳುಮೆಣಸು ಇವನ್ನು ಮಾಡುವ ನಾಲ್ಕೈದು ಮಂದಿ ಸೇರಿ ಒಂದೇ ಗಾಡಿ, ಒಬ್ಬನೇ ಹುಡುಗ, ಒಂದೇ ಬಿಲ್ ಪುಸ್ತಕ ಇಟ್ಟುಕೊಂಡರೆ ಶಿರಸಿಯಿಂದ ಸಿದ್ದಾಪುರದ ಲೈನ್, ಯಲ್ಲಾಪುರದ ಲೈನ್ ನಡೆಸಬಹುದು. 2020ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕಿರು ಆಹಾರ ಸಂಸ್ಕರಣಾ ಯೋಜನೆಯಲ್ಲಿ ಒಂಟಿ ಘಟಕಗಳಿಗೆ ಯಂತ್ರಕ್ಕೆ ಸಹಾಯಧನ ಇಟ್ಟಂತೆ, ಸ್ವಸಹಾಯ ಸಂಘ, ರೈತ ಉತ್ಪಾದಕ ಸಂಸ್ಥೆ, ಸಹಕಾರಿಗಳಂಥ ಗುಂಪುಗಳ ಬ್ರ್ಯಾಂಡಿಂಗ್ ಮತ್ತು ಮಾರುಕಟ್ಟೆಯ ಖರ್ಚಿಗೆ ಶೇ 50ರವರೆಗೆ ನೆರವಿನ ಅವಕಾಶ ಇಟ್ಟಿದ್ದರು. ಒಬ್ಬೊಬ್ಬರಾಗಿ ಇಂಥ ನೆರವಿನ ಹತ್ತಿರ ಹೋಗಲಾಗದು. ಮಾಲಿನ ಗುಣಮಟ್ಟಕ್ಕೆ ಯಾರು ಜವಾಬ್ದಾರರು, ಒಬ್ಬರ ಬಾಕಿ ಇನ್ನೊಬ್ಬರ ಮೇಲೆ ಬೀಳದಂತೆ ಲೆಕ್ಕ ಹೇಗಿಡಬೇಕು, ಒಂದೇ ಬಗೆಯ ಮಾಲು ಇಬ್ಬರು ತಂದರೆ ಹೇಗೆ ಎಂಬ ಪ್ರಶ್ನೆಗಳಿಗೆ ಇನ್ನೂ ಉತ್ತರ ಕಂಡುಕೊಳ್ಳಬೇಕಾಗಿದೆ. ಮುಂದಿನ ಹಂಗಾಮಿನ ಸಿಪ್ಪೆ ಒಣಗುವ ಮೊದಲು ಆಸಕ್ತರು ಶಿರಸಿಯಲ್ಲಿ ಒಮ್ಮೆ ಒಟ್ಟಿಗೆ ಕುಳಿತು, ಯಾರ ಬಳಿ ಯಾವ ಅಂಗಡಿಯ ಮರು ಆರ್ಡರ್ ಇದೆ ಎಂಬ ಪಟ್ಟಿಯನ್ನು ಮೊದಲು ಕೂಡಿಸಬೇಕು ಎಂಬುದು ನನ್ನ ಕೋರಿಕೆ.